ಹದಿನಾಲ್ಕು ಸ್ವಿಚ್ಚುಗಳಿಗೆ ಒಂದೇ ನಂಬರು

ನಾನು ಇಪ್ಪತ್ತೆರಡು ವರ್ಷದಿಂದ ಬರೆದು ಬದುಕುತ್ತಿದ್ದೇನೆ. ಹಾಗೆಂದ ಕೂಡಲೇ ಜನ ಸ್ವಲ್ಪ ನೆಟ್ಟಗೆ ಕೂರುತ್ತಾರೆ. ಕಥೆಯಾ, ಕವಿತೆಯಾ ಎಂದು ಕೇಳುತ್ತಾರೆ. ಅಯ್ಯೋ, ಅದ್ಯಾವುದೂ ಅಲ್ಲ. ಹೊಸ ಮಿಕ್ಸಿ ತಂದಾಗ ಡಬ್ಬದ ತಳದಲ್ಲಿ ಮಡಚಿಟ್ಟ ಕಾಗದವೊಂದು ಇರುತ್ತದಲ್ಲ, ನೀವು ಬಿಡಿಸಿಯೂ ನೋಡದೆ ಅಡುಗೆಮನೆಯ ಡ್ರಾಯರಿಗೆ ಹಾಸುತ್ತೀರಲ್ಲ, ಅಂಥದ್ದನ್ನು ಬರೆಯುವವಳು ನಾನು. ನಮ್ಮ ಕಸುಬಿನಲ್ಲಿ ಬರೆದವರ ಹೆಸರು ಹಾಕುವ ಪದ್ಧತಿಯಿಲ್ಲ. ಅದರಿಂದ ಎಷ್ಟು ಅನುಕೂಲ ಎಂಬುದು ನನಗೆ ಚೆನ್ನಾಗಿ ಗೊತ್ತಾದದ್ದು ಎರಡು ವರ್ಷದ ಹಿಂದೆ.

ನಮ್ಮ ಕಂಪನಿ ಇಂದಿರಾನಗರದ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿದೆ. ಕೆಳಗೆ ಬಿಯರ್ ಮಾರುತ್ತಾರೆ, ಮೇಲೆ ಯೋಗ ಕಲಿಸುತ್ತಾರೆ, ನಡುವೆ ಹನ್ನೊಂದು ಜನ ನಾವು ಸ್ವಿಚ್ಚು ಮಾಡುತ್ತೇವೆ. ಮಾಮೂಲಿ ಸ್ವಿಚ್ಚಲ್ಲ, ಮಂಚದ ಮೇಲೆ ಬಿದ್ದುಕೊಂಡೇ ಫೋನಿನಿಂದ ದೀಪ ಆರಿಸಬಹುದಾದ ಸ್ವಿಚ್ಚು. ಎದ್ದು ಎರಡು ಹೆಜ್ಜೆ ಇಡುವ ಕಷ್ಟದಿಂದ ಮನುಕುಲವನ್ನು ಪಾರು ಮಾಡುವ ಘನಕಾರ್ಯ. ಜೀವನ್ ಬಿಮಾ ನಗರದ ನನ್ನ ಮನೆಯಿಂದ ಆಫೀಸಿಗೆ ನಡೆದೇ ಹೋಗಬಹುದು, ಅದಕ್ಕೇ ಕೆಲಸ ಬಿಟ್ಟಿಲ್ಲ.

ಈ ಸ್ವಿಚ್ಚುಗಳ ನಡವಳಿಕೆಯನ್ನು ಬರೆದಿಡುವುದು ನನ್ನ ಕೆಲಸ. ಅವುಗಳ ಶಿಷ್ಟಾಚಾರ ನೋಡಿದರೆ ನಮ್ಮ ನೆಂಟರಿಷ್ಟರು ನಾಚಬೇಕು. ಮನೆಯಲ್ಲಿ ಒಂದು ಪುಟ್ಟ ಪೆಟ್ಟಿಗೆ ಇಟ್ಟಿರುತ್ತಾರೆ. ಸುದ್ದಿಯೆಲ್ಲ ಅದರ ಮೂಲಕವೇ ಓಡಾಡಬೇಕು. ಕಸುಬಿನಲ್ಲಿ ಅದಕ್ಕೆ ಬ್ರೋಕರ್ ಎನ್ನುತ್ತಾರೆ, ಆದರೆ ಪಾಪ, ಎರಡೂ ಕಡೆಯಿಂದ ಕಮಿಷನ್ ಕೇಳುವುದಿಲ್ಲ. ಕರೆಂಟು ಬಂದೊಡನೆ ಸ್ವಿಚ್ಚು, ಕೂರಿಸಿದವರು ಫೋನಿನಲ್ಲಿ ತುಂಬಿಕೊಟ್ಟ ತನ್ನ ಪರಿಚಯವನ್ನು ಈ ಪೆಟ್ಟಿಗೆಗೆ ಹೇಳಿಕೊಳ್ಳುತ್ತದೆ: ನನ್ನ ನಂಬರು ಇಂಥದ್ದು, ನಾನಿರುವುದು ಇಂಥ ಕೋಣೆಯಲ್ಲಿ, ನಾನು ದೀಪ ಹಚ್ಚಬಲ್ಲೆ, ಫ್ಯಾನು ತಿರುಗಿಸಬಲ್ಲೆ, ಅಪ್ಪಣೆ ಕೊಡುವುದಿದ್ದರೆ ಈ ನಂಬರಿಗೆ ಕೊಡಿ. ಅಷ್ಟೇ ಅಲ್ಲ, ಒಳಗೆ ಕಾಲಿಡುವಾಗಲೇ ಉಯಿಲನ್ನೂ ಬರೆದುಕೊಟ್ಟಿರುತ್ತದೆ. ನಾನು ಹೇಳದೆ ಕೇಳದೆ ಸತ್ತುಹೋದರೆ ಎಲ್ಲರಿಗೂ ಸುದ್ದಿ ಮುಟ್ಟಿಸಿಬಿಡಿ, ಯಾರೂ ಕಾಯುತ್ತ ಕೂರುವುದು ಬೇಡ ಎಂದು. ನಮ್ಮ ಮನೆಯಲ್ಲಿ ಎಷ್ಟು ಜನ ಹಾಗೆ ಮಾಡಿದ್ದಾರೆ ಎಂದು ಯೋಚಿಸಿದರೆ ಸ್ವಿಚ್ಚುಗಳ ಮೇಲೆ ಗೌರವ ಹೆಚ್ಚುತ್ತದೆ.

ಪೆಟ್ಟಿಗೆಗೆ ಒಂದೇ ಒಂದು ಹಟ. ಒಂದು ನಂಬರಿಗೆ ಒಬ್ಬರೇ. ಅದೇ ನಂಬರು ಹೇಳಿಕೊಂಡು ಇನ್ನೊಬ್ಬ ಬಂದರೆ ಹೊಸಬನನ್ನು ಕೂರಿಸಿಕೊಂಡು ಹಳಬನನ್ನು ಹೊರಗೆ ನೂಕುತ್ತದೆ. ಹಳಬ ಸುಮ್ಮನಿರುತ್ತಾನೆಯೇ? ಮತ್ತೆ ಬಂದು ಪರಿಚಯ ಹೇಳುತ್ತಾನೆ, ಈಗ ಹೊಸಬ ಹೊರಗೆ. ರೈಲಿನಲ್ಲಿ ಒಂದೇ ಸೀಟಿನ ಟಿಕೆಟ್ಟು ಹಿಡಿದ ಇಬ್ಬರ ಜಗಳದ ಹಾಗೆ, ಟಿ.ಸಿ. ಬರುವ ತನಕ ಮುಗಿಯುವುದಿಲ್ಲ. ಇಂಗ್ಲಿಷ್ ಕೈಪಿಡಿಯಲ್ಲಿ ಈ ವಿಷಯವನ್ನು ಒಂದಿಡೀ ಪುಟ ಬರೆದವಳು ನಾನೇ. ಹಾಗಾಗಿ ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಹಾಗೂ ಇಲ್ಲ.

ಮನೆಮನೆಗೆ ಹೋಗಿ ಸ್ವಿಚ್ಚು ಕೂರಿಸುವವರು ಊರಿನ ಎಲೆಕ್ಟ್ರಿಷಿಯನ್‌ಗಳು. ಅವರು ಮಾತುಮಾತಿಗೂ ಆಫೀಸಿಗೆ ಫೋನು ಮಾಡುತ್ತಾರೆಂದು ನಮ್ಮ ಮ್ಯಾನೇಜರ್‌ಗೆ ತಲೆನೋವು. ಬೇರೆ ಊರಿಂದ ಬಂದ ಹುಡುಗ, ನನಗಿಂತ ಹದಿನೈದು ವರ್ಷ ಚಿಕ್ಕವನು. ಇಂಗ್ಲಿಷ್ ಕೈಪಿಡಿ ಅವರಿಗೆ ಓದಲು ಬರುವುದಿಲ್ಲ, ಕನ್ನಡದಲ್ಲಿ ಒಂದು ಪುಸ್ತಕ ಮಾಡಿಬಿಡಿ ಎಂದ. ಹನ್ನೊಂದು ಜನರ ಆಫೀಸಿನಲ್ಲಿ ಕನ್ನಡ ಓದಬಲ್ಲವಳು ನಾನೊಬ್ಬಳೇ. ಹಲಸೂರಿನಲ್ಲೇ ಹುಟ್ಟಿ ಬೆಳೆದ ಒಬ್ಬಾಕೆ ಇದ್ದಾಳೆ, ಬಾಯಿ ತೆಗೆದರೆ ಅರಳು ಹುರಿದ ಹಾಗೆ ಕನ್ನಡ. ಆದರೆ ಬಸ್ಸಿನ ಬೋರ್ಡು ಓದಲು ನನ್ನನ್ನೇ ಕೇಳುತ್ತಾಳೆ.

ನನಗೆ ಹುರುಪು ಬಂತು. ಇಂಗ್ಲಿಷ್ ಪುಸ್ತಕದಲ್ಲಿ ನಂಬರು ಬರೆಯುವ ಜಾಗವನ್ನು ಖಾಲಿ ಬಿಟ್ಟಿದ್ದೆವು. ಖಾಲಿ ಜಾಗ ನೋಡಿದರೆ ಜನ ಹೆದರುತ್ತಾರೆ, ಮಾದರಿ ಎಂದರೆ ಜೀವಂತವಾಗಿರಬೇಕು ಎಂದು ನನ್ನ ಘನವಾದ ಅಭಿಪ್ರಾಯ. ಪರೀಕ್ಷೆಗೆಂದು ಕಂಪನಿಯವರು ನನ್ನ ಅಡುಗೆಮನೆಯಲ್ಲಿ ಒಂದು ಸ್ವಿಚ್ಚು ಕೂರಿಸಿದ್ದರು. ಅದು ಪೆಟ್ಟಿಗೆಗೆ ಹೇಳುವ ಪರಿಚಯವನ್ನು ನಂಬರಿನ ಸಮೇತ ಎತ್ತಿ ಮಾದರಿಯಾಗಿ ಹಾಕಿದೆ. ಅದರ ಮೇಲೆ ದಪ್ಪಕ್ಷರದಲ್ಲಿ, 'ಕೋಣೆಯ ಹೆಸರು ಬಿಟ್ಟು ಉಳಿದದ್ದನ್ನು ಕೆಳಗೆ ಕೊಟ್ಟಿರುವಂತೆಯೇ ತುಂಬಿ; ಒಂದಕ್ಷರವೂ ಬದಲಾಗಬಾರದು' ಎಂದು ಬರೆದೆ. ಬರೆಯಬೇಕಾಗಿದ್ದ ಸಾಲು ಬೇರೆ ಇತ್ತು: ಪ್ರತಿ ಸ್ವಿಚ್ಚಿನ ಬೆನ್ನಿನ ಮೇಲೆ ಅದರದೇ ನಂಬರು ಅಚ್ಚಾಗಿದೆ, ಇಲ್ಲಿ ಅದನ್ನು ಹಾಕಿ. ಅಷ್ಟೂ ಗೊತ್ತಾಗಲ್ವಾ ಅಂದುಕೊಂಡಿದ್ದೆನೋ, ಮರೆತೇ ಹೋಯಿತೋ, ಇವತ್ತಿಗೂ ಆಣೆ ಮಾಡಿ ಹೇಳಲಾರೆ.

ನಮ್ಮಲ್ಲಿ ಏನೇ ಬರೆದರೂ ನಾಲ್ಕು ಜನ ಪರಿಶೀಲಿಸಿ ಒಪ್ಪಬೇಕೆಂಬ ನಿಯಮ ಇದೆ. ಮೂವತ್ತೆರಡು ಪುಟದ ಕನ್ನಡ ಪುಸ್ತಕವನ್ನು ನಾಲ್ವರಿಗೂ ಕಳಿಸಿದೆ. ಒಂದು ನಿಮಿಷದೊಳಗೆ ಫೋನಿನಲ್ಲಿ ನಾಲ್ಕೂ ಹೆಬ್ಬೆರಳು ಮೇಲೆದ್ದವು. ಒಬ್ಬ 'ಬ್ಯೂಟಿಫುಲ್ ಸ್ಕ್ರಿಪ್ಟ್' ಎಂದು ಬೇರೆ ಹೊಗಳಿದ. ಪುಸ್ತಕ ಅಚ್ಚಾಯಿತು.

ಅದನ್ನು ಓದಿದ್ದು ಒಬ್ಬರೇ. ಶಿವಾಜಿನಗರದ ಒಬ್ಬ ಎಲೆಕ್ಟ್ರಿಷಿಯನ್, ಐವತ್ತು ದಾಟಿದವರು. ಎಲ್ಲರೂ ಅವರನ್ನು ಭಾಯ್ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಮನೆಯಲ್ಲಿ ದಖ್ಖನಿ, ಬೀದಿಯಲ್ಲಿ ತಮಿಳು, ಓದಿದ್ದು ಸರ್ಕಾರಿ ಕನ್ನಡ ಶಾಲೆಯಲ್ಲಿ. ಕಂಟೋನ್ಮೆಂಟಿನ ಹಳೇ ಮನೆಗಳ ಯಾವ ಗೋಡೆಯೊಳಗೆ ಯಾವ ಕಾಲದ ವೈರಿನ ಪೈಪು ಇದೆ ಎಂಬುದು ಅವರಿಗೆ ಬಾಯಿಪಾಠ. ಪುಸ್ತಕ ಕೈಗೆ ಸಿಕ್ಕ ವಾರದಲ್ಲೇ ನನಗೆ ಫೋನು ಮಾಡಿದರು.

"ಮೇಡಂ, ಹದಿನೇಳನೇ ಪೇಜಲ್ಲಿ ಚಿತ್ರ ತಲೆಕೆಳಗಾಗಿದೆ. ಮಿಕ್ಕಿದ್ದೆಲ್ಲ ಫಸ್ಟ್ ಕ್ಲಾಸು. ಯಾರ್ ಬರ್ದಿದ್ದು?"

"ನಾನೇ ಭಾಯ್."

"ಮಾಷಾಲ್ಲಾ. ಮೇಷ್ಟ್ರು ಪಕ್ಕದಲ್ಲಿ ಕೂತು ಹೇಳ್ಕೊಟ್ಟಂಗಿದೆ."

ನಾಚಿಕೆ ಬಿಟ್ಟು ಹೇಳುತ್ತೇನೆ, ಆ ದಿನವೆಲ್ಲ ನನ್ನ ಕಾಲು ನೆಲದ ಮೇಲಿರಲಿಲ್ಲ. ಸಂಜೆ ಹಲಸೂರಿನಲ್ಲಿ ಹೂವು ಕೊಳ್ಳುವಾಗ ಚೌಕಾಸಿ ಮಾಡುವುದನ್ನೂ ಮರೆತೆ.

ಅದಾಗಿ ತಿಂಗಳೊಳಗೆ ಬೆನ್ಸನ್ ಟೌನಿನ ಒಂದು ಮನೆಗೆ ಭಾಯ್ ಹದಿನಾಲ್ಕು ಸ್ವಿಚ್ಚು ಕೂರಿಸಿದರು. ಮನೆಯೊಡತಿ ನಿವೃತ್ತ ಹೆಡ್‌ಮಿಸ್ಟ್ರೆಸ್. ಆಕೆಯ ದೂರು ಒಂದು ಸೋಮವಾರ ಬೆಳಗ್ಗೆ ಬಂತು. ಹಾಲ್‌ನ ದೀಪ ಹಾಕಿದರೆ ಬಚ್ಚಲಿನ ಫ್ಯಾನು ತಿರುಗುತ್ತದೆ, ಬಚ್ಚಲಿನ ಫ್ಯಾನು ನಿಲ್ಲಿಸಿದರೆ ಗೇಟಿನ ದೀಪ ಆರುತ್ತದೆ, ಮೂವತ್ತೈದು ವರ್ಷದ ಸರ್ವೀಸಿನಲ್ಲಿ ಇಷ್ಟು ಅಶಿಸ್ತಿನ ಕ್ಲಾಸು ನಾನು ನೋಡಿಲ್ಲ, ನಿಮ್ಮ ಎಲೆಕ್ಟ್ರಿಷಿಯನ್‌ಗೆ ಅ ಆ ಇ ಈ ಬರುವುದಿಲ್ಲ ಎಂದು ಬರೆದಿದ್ದರು.

ಮ್ಯಾನೇಜರ್ ಎಲ್ಲರನ್ನೂ ಕೂರಿಸಿಕೊಂಡು ಆ ಮನೆಯ ಪೆಟ್ಟಿಗೆಯಲ್ಲಿ ದಾಖಲಾದದ್ದನ್ನು ಗೋಡೆಯ ಮೇಲೆ ತೋರಿಸಿದ. ಪರಿಚಯ, ಹೊರಗೆ, ಪರಿಚಯ, ಹೊರಗೆ, ಪುಟಗಟ್ಟಲೆ ಅದೇ. ಹದಿನಾಲ್ಕು ಸ್ವಿಚ್ಚುಗಳೂ ಒಂದೇ ನಂಬರು ಹೇಳಿಕೊಂಡು ಒಂದನ್ನೊಂದು ನೂಕಾಡುತ್ತಿದ್ದವು. ಅಪ್ಪಣೆ ಹೋದ ಗಳಿಗೆಯಲ್ಲಿ ಯಾರು ಒಳಗಿದ್ದರೋ ಅವರು ಅದನ್ನು ಪಾಲಿಸುತ್ತಿದ್ದರು. ಆ ನಂಬರು ನೋಡಿದೆ. ಅದು ನನ್ನ ಅಡುಗೆಮನೆಯ ಸ್ವಿಚ್ಚಿನದು.

"ಸಿಂಪಲ್. ಇನ್‌ಸ್ಟಾಲರ್ ಎರರ್," ಎಂದ ಮ್ಯಾನೇಜರ್. "ಹಿ ಡಿಡಂಟ್ ರೀಡ್ ದ ಬುಕ್."

ಎಲ್ಲರೂ ತಲೆಯಾಡಿಸಿದರು. ಒಬ್ಬರಾದರೂ ಆ ಪುಸ್ತಕ ಓದಿದ್ದರೆ ಹೇಳಿ! ಓದದ ಹತ್ತು ಜನ ಸೇರಿ, ಓದಿದ ಒಬ್ಬರನ್ನು ಓದಿಲ್ಲವೆಂದು ತೀರ್ಮಾನಿಸಿದರು. ಹನ್ನೊಂದನೆಯವಳಾದ ನಾನು ಏನು ಮಾಡಿದೆ? ನಾನೂ ತಲೆಯಾಡಿಸಿದೆ. ಯಾಕೆ ಎಂದರೆ ದೊಡ್ಡ ಕಾರಣವೇನಿಲ್ಲ. ಎಲ್ಲರೂ ನನ್ನ ಕಡೆ ತಿರುಗುತ್ತಾರಲ್ಲ ಎಂಬ ಹೆದರಿಕೆ, ಅಷ್ಟೇ. ನನ್ನ ವಯಸ್ಸಿನವಳು ಆ ಹುಡುಗರ ಮುಂದೆ ತಪ್ಪೊಪ್ಪಿಕೊಳ್ಳುವುದೇ ಎಂಬ ಬಿಂಕ. ಬರೆದವರ ಹೆಸರು ಪುಸ್ತಕದ ಮೇಲೆ ಇರಲಿಲ್ಲ, ಬಾಯಿ ಮುಚ್ಚಿಕೊಂಡಿರುವುದು ಬಲು ಸುಲಭವಾಗಿತ್ತು.

ಭಾಯ್ ಹೆಸರನ್ನು ಇನ್‌ಸ್ಟಾಲರ್‌ಗಳ ಪಟ್ಟಿಯಲ್ಲಿ ತಡೆಹಿಡಿದರು. ಕಾರಣ ವಿವರಿಸಿ ಒಂದು ವರದಿ ಬರೆಯಬೇಕು, ವರದಿ ಬಂದ ಮೇಲೆ ಹೆಸರನ್ನು ಪೂರ್ತಿ ಹೊಡೆದುಹಾಕುವುದು. ಅವರ ಕಸುಬಿನಲ್ಲಿ ಇದೇನು ಸಣ್ಣ ಮಾತಲ್ಲ. ಒಬ್ಬರು ಬೇಡವೆಂದರೆ ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ ಸುದ್ದಿ ಹಬ್ಬುತ್ತದೆ, ಆಮೇಲೆ ಹಳಬರೂ ಬಾಗಿಲು ತೆಗೆಯುವುದಿಲ್ಲ. ಮೂವತ್ತು ವರ್ಷದ ಹೆಸರು ಆ ಒಂದು ವರದಿಯ ಮೇಲೆ ನಿಂತಿತ್ತು. ವರದಿ ಬರೆಯುವ ಕೆಲಸ ಯಾರಿಗೆ ಬಂತೆಂದು ಹೇಳಬೇಕಿಲ್ಲವಲ್ಲ. ಬರೆಯುವವಳು ನಾನೇ ತಾನೇ.

ಬರೆಯಲಿಲ್ಲ. ದಿನಾ ಫೈಲು ತೆಗೆಯುವುದು, ಮೇಲೆ 'ಕಾರಣ' ಎಂದು ಟೈಪು ಮಾಡುವುದು, ಕಾಫಿಗೆ ಏಳುವುದು. ವಾರ ಹಾಗೇ ಕಳೆಯಿತು. ನಾನು ಇನ್ನೂ ಏನೂ ತಪ್ಪು ಬರೆದಿಲ್ಲವಲ್ಲ ಎಂದು ನನ್ನನ್ನೇ ಸಮಾಧಾನ ಮಾಡಿಕೊಳ್ಳುತ್ತಿದ್ದೆ, ನಾಚಿಕೆಗೆಟ್ಟವಳು.

ಎರಡನೇ ವಾರದ ಮಂಗಳವಾರ ಭಾಯ್ ಆಫೀಸಿಗೇ ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಇನ್ನೂರು ಪುಟದ ನೋಟ್‌ಬುಕ್ಕು. ನಾನು ಜಗಳಕ್ಕೆ ಬಂದಿದ್ದಾರೆಂದುಕೊಂಡೆ. ಬಂದಿದ್ದರೆ ಚೆನ್ನಾಗಿತ್ತು. ಅವರು ನನ್ನೆದುರು ಕುರ್ಚಿಯ ತುದಿಯಲ್ಲಿ ಕೂತು ಆ ನೋಟ್‌ಬುಕ್ಕು ತೆರೆದರು.

"ಎಲ್ಲಿ ತಪ್ಪಾಯ್ತು ಅಂತ ಸ್ವಲ್ಪ ತೋರ್ಸಿ ಮೇಡಂ. ಬುಕ್ಕಲ್ಲಿ ಹೆಂಗಿದ್ಯೋ ಹಂಗೇ ಮಾಡಿದೀನಿ. ಎಲ್ಲೋ ಎಡವಟ್ಟಾಗಿದೆ, ನಂಗೆ ಕಾಣ್ತಿಲ್ಲ. ಹೇಳ್ಕೊಡಿ, ಕಲ್ತ್ಕೊಳ್ತೀನಿ."

ನನ್ನ ಮೂವತ್ತೆರಡು ಪುಟವನ್ನೂ ಅವರು ಕೈಯಲ್ಲಿ ನಕಲು ಮಾಡಿದ್ದರು. ಮೇಷ್ಟ್ರು ಹೇಳಿಕೊಟ್ಟ ಹಾಗೆ ಅಂಚಿಗೆ ಗೆರೆ ಎಳೆದು, ದುಂಡಗೆ. ನಾನು ದಪ್ಪಕ್ಷರದಲ್ಲಿ ಹಾಕಿದ್ದನ್ನೆಲ್ಲ ಕೆಂಪು ಪೆನ್ನಿನಲ್ಲಿ ಬರೆದಿದ್ದರು. ಒಂದಕ್ಷರವೂ ಬದಲಾಗಬಾರದು. ಅದರ ಕೆಳಗೆ ಎರಡು ಗೆರೆ. ಅದರ ಕೆಳಗೆ ನನ್ನ ಅಡುಗೆಮನೆಯ ನಂಬರು, ಪ್ರತಿ ಅಂಕಿಯ ಮೇಲೂ ಸರಿ ಗುರುತು, ಹದಿನಾಲ್ಕು ಸ್ವಿಚ್ಚಿಗೂ ತಾಳೆ ನೋಡಿದ್ದಕ್ಕೆ ಹದಿನಾಲ್ಕು ಸಾಲು ಗುರುತು.

"ಭಾಯ್, ತಪ್ಪು ನಿಮ್ದಲ್ಲ. ನಂದು."

"ಛೆ ಛೆ, ನೀವ್ ಹಂಗೆಲ್ಲ ಅನ್ಬೇಡಿ."

"ನಿಜವಾಗ್ಲೂ. ಇಲ್ಲಿ ಆಯಾ ಸ್ವಿಚ್ಚಿನ ನಂಬರ್ ಹಾಕಿ ಅಂತ ನಾನು ಬರೀಬೇಕಿತ್ತು. ಬರ್ದಿಲ್ಲ."

ಅವರು ನಂಬಲಿಲ್ಲ. ಪ್ರಿಂಟ್ ಆಗಿರೋ ಬುಕ್ಕಲ್ಲಿ ತಪ್ಪಿರತ್ತಾ ಎಂದರು. ನಾಲ್ಕು ಜನ ನೋಡಿರ್ತಾರಲ್ಲ ಮೇಡಂ ಎಂದರು. ನನ್ನ ಪುಸ್ತಕದ ಪರವಾಗಿ ಅವರು ನನ್ನ ಜೊತೆಯೇ ವಾದ ಮಾಡಿದರು. ಕೊನೆಗೆ ಕಪಾಟಿನಿಂದ ಒಂದು ಸ್ವಿಚ್ಚು ತೆಗೆದು ಬೆನ್ನು ತಿರುಗಿಸಿ ಅಚ್ಚಾದ ನಂಬರು ತೋರಿಸಿದೆ. ಅವರು ಅದನ್ನು ನೋಡಿದರು, ಪುಸ್ತಕ ನೋಡಿದರು, ಮತ್ತೆ ಅದನ್ನು ನೋಡಿದರು. ಮುಖದ ಮೇಲೆ ಎಂಥ ನಿರಾಳ!

"ಹಂಗಾದ್ರೆ ನಾನು ಸರಿಯಾಗೇ ಓದಿದೀನಿ ಅಲ್ವಾ ಮೇಡಂ?"

"ಹೌದು ಭಾಯ್. ನಾನೂ ಈಗ ನೋಡ್ದೆ. ಕಣ್ ತಪ್ಪಿ ಹೋಗಿತ್ತು."

ಈಗ ನೋಡ್ದೆ. ಯಾರೂ ಕೇಳದಿದ್ದ ಸುಳ್ಳು, ನಾಲಿಗೆಯಿಂದ ತಾನೇ ಜಾರಿತು. ಅವರು ಪರವಾಗಿಲ್ಲ ಬಿಡಿ ಮೇಡಂ, ಎಲ್ಲರಿಗೂ ಆಗತ್ತೆ ಎಂದು ನನ್ನನ್ನೇ ಸಮಾಧಾನ ಮಾಡಿ ಎದ್ದು ಹೋದರು.

ಅವತ್ತೇ ವರದಿ ಬರೆದೆ. ಕಾರಣ: ಪುಸ್ತಕದಲ್ಲಿನ ದೋಷ. ಬರೆದವಳು: ನಾನು. ಎಲೆಕ್ಟ್ರಿಷಿಯನ್ ಪುಸ್ತಕದಲ್ಲಿ ಹೇಳಿದ್ದನ್ನು ಒಂದಕ್ಷರವೂ ತಪ್ಪದೆ ಪಾಲಿಸಿದ್ದಾರೆ, ಅವರ ಹೆಸರನ್ನು ಪಟ್ಟಿಗೆ ಮತ್ತೆ ಸೇರಿಸಬೇಕು. ಇಂಗ್ಲಿಷಿನಲ್ಲೇ ಬರೆದೆ, ಯಾರಿಗೂ ಓದಲು ಬರಲಿಲ್ಲ ಎಂದಾಗಬಾರದಲ್ಲ. ಬೈಗುಳ ತಿನ್ನಲು ಸಿದ್ಧಳಾಗಿ ಕೂತೆ. ಒಂದು ನಿಮಿಷದೊಳಗೆ ಮ್ಯಾನೇಜರ್‌ನಿಂದ ಹೆಬ್ಬೆರಳು ಬಂತು. ಓದಿರಲಿಲ್ಲ. ಆದರೂ ಒಪ್ಪಿಗೆ ಒಪ್ಪಿಗೆಯೇ. ಭಾಯ್ ಹೆಸರು ಪಟ್ಟಿಗೆ ವಾಪಸ್ ಬಂತು. ಆ ಹುಡುಗನಿಗೆ ಇವತ್ತಿಗೂ ವಿಷಯ ಗೊತ್ತಿಲ್ಲವೆಂದೇ ನನ್ನ ಗುಮಾನಿ.

ಆದರೆ ಹೆಡ್‌ಮಿಸ್ಟ್ರೆಸ್ ಹೆಬ್ಬೆರಳಿಗೆ ಬಗ್ಗುವವರಲ್ಲ. ಯಾರಾದರೂ ಬಂದು ಎದುರಿಗೆ ನಿಂತು ವಿವರಿಸಬೇಕು, ಅಲ್ಲಿಯವರೆಗೆ ಆ ಮನುಷ್ಯನನ್ನು ಗೇಟಿನೊಳಗೆ ಬಿಡುವುದಿಲ್ಲ ಎಂದರು. ಗುರುವಾರ ನಾನೇ ಆಟೋ ಹಿಡಿದು ಬೆನ್ಸನ್ ಟೌನಿಗೆ ಹೋದೆ. ಭಾಯ್ ಗೇಟಿನ ಹೊರಗೆ ಸ್ಕೂಟರಿನ ಪಕ್ಕ ಕಾಯುತ್ತಿದ್ದರು. ನನ್ನನ್ನು ನೋಡಿ, "ನಿಮಗ್ಯಾಕೆ ಮೇಡಂ ಇಷ್ಟು ತೊಂದ್ರೆ," ಎಂದರು. ಅವರ ಪರವಾಗಿ ಮಾತಾಡಲು ಬಂದ ದೊಡ್ಡ ವ್ಯಕ್ತಿ ನಾನೆಂದು ನನಗೂ ಒಳಗೊಳಗೇ ಅನ್ನಿಸಿತ್ತು, ಅದನ್ನೂ ಹೇಳಿಬಿಡುತ್ತೇನೆ.

ಹೆಡ್‌ಮಿಸ್ಟ್ರೆಸ್ ಬಾಗಿಲಲ್ಲೇ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಕಂಟೋನ್ಮೆಂಟಿನ ಕನ್ನಡ, ಅರ್ಧ ಇಂಗ್ಲಿಷು.

"ಯು ಆರ್ ಹೂ, ಅಮ್ಮಾ?"

"ಭಾಯ್‌ಗೆ ಕೊಟ್ಟ ಪುಸ್ತಕ ಬರೆದವಳು."

"ಓ. ಆಥರ್."

ಇಪ್ಪತ್ತೆರಡು ವರ್ಷದಲ್ಲಿ ಆ ಮಾತು ಮೊದಲ ಸಲ ನನ್ನ ಪಾಲಿಗೆ ಬಂದದ್ದು ಹೀಗೆ, ಒಂದು ವೆರಾಂಡದಲ್ಲಿ, ಚಪ್ಪಲಿ ಬಿಡುವ ಜಾಗದಲ್ಲಿ. ಒಳಗೆ ಕರೆದರು. ಭಾಯ್ ಸ್ಟೂಲು ಹತ್ತಿ ಹಾಲ್‌ನ ಸ್ವಿಚ್‌ಬೋರ್ಡಿನ ಸ್ಕ್ರೂ ಬಿಚ್ಚತೊಡಗಿದರು. ನಾನು ಕೈಕಟ್ಟಿ ನಿಂತು ಎಲ್ಲ ಹೇಳಿದೆ: ತಪ್ಪು ನನ್ನ ಪುಸ್ತಕದ್ದು, ಇವರು ಬರೆದದ್ದನ್ನು ಬರೆದ ಹಾಗೇ ಮಾಡಿದರು, ಇವರಷ್ಟು ಶ್ರದ್ಧೆಯಿಂದ ಓದಿದವರು ಇನ್ನೊಬ್ಬರಿಲ್ಲ. ಆಕೆ ಕಣ್ಣು ಮಿಟುಕಿಸದೆ ಕೇಳಿಸಿಕೊಂಡರು.

"ಗುಡ್. ನಿಂಗೆ ಇದು ಯಾವಾಗ ಗೊತ್ತಾಯ್ತು?"

ಸುಳ್ಳು ಬಾಯಿಗೆ ಬಂದಿತ್ತು. ಎರಡು ದಿನದ ಹಿಂದೆ ಎಂದರೆ ಮುಗಿಯುತ್ತಿತ್ತು. ಆದರೆ ಮೂವತ್ತೈದು ವರ್ಷ ಮಕ್ಕಳ ಸುಳ್ಳು ಕೇಳಿ ಪಳಗಿದ ಮುಖ ಅದು. ನನಗೆ ಧೈರ್ಯ ಬಂತು ಎಂದಲ್ಲ. ಸಿಕ್ಕಿಬೀಳುವ ಭಯಕ್ಕೇ ನಿಜ ಹೇಳಿದೆ.

"ನಿಮ್ಮ ಕಂಪ್ಲೇಂಟ್ ಬಂದ ದಿನವೇ ಮೇಡಂ. ಹೋದ ವಾರ ಸೋಮವಾರ."

ಸ್ಕ್ರೂಡ್ರೈವರ್ ನಿಂತಿತು. ಭಾಯ್ ಸ್ಟೂಲಿನ ಮೇಲಿಂದಲೇ ತಿರುಗಿದರು.

"ಅವತ್ತೇ ಗೊತ್ತಿತ್ತಾ ಮೇಡಂ?"

"ಹೂಂ."

ಅವರು ತಿರುಗಿ ಸ್ಕ್ರೂ ಬಿಚ್ಚಿದರು. ಒಂದೊಂದೇ ಸ್ವಿಚ್ಚು ಹೊರಗೆ ತೆಗೆದು ಬೆನ್ನಿನ ನಂಬರು ಗಟ್ಟಿಯಾಗಿ ಓದಿದರು, ನಾನು ಫೋನಿನಲ್ಲಿ ತುಂಬಿದೆ. ಹಾಲ್, ಊಟದ ಮನೆ, ಬಚ್ಚಲು, ಗೇಟು. ಹದಿನಾಲ್ಕೂ ಮುಗಿಯುವ ತನಕ ಅಂಕಿಗಳ ಹೊರತು ನಮ್ಮಿಬ್ಬರ ನಡುವೆ ಒಂದು ಮಾತಿಲ್ಲ. ಸ್ವಿಚ್ಚುಗಳು ಒಂದಾದ ಮೇಲೊಂದು ತಮ್ಮತಮ್ಮ ಪರಿಚಯ ಹೇಳಿಕೊಂಡು ಪೆಟ್ಟಿಗೆಯಲ್ಲಿ ಸಭ್ಯವಾಗಿ ಕೂತವು. ಹೆಡ್‌ಮಿಸ್ಟ್ರೆಸ್ ಹಾಲ್‌ನ ದೀಪ ಹಾಕಿದರು, ಹಾಲ್‌ನ ದೀಪವೇ ಹತ್ತಿತು. ಭಾಯ್ ಕಡೆ ತಿರುಗಿ ಸಾರಿ ಎಂದರು, ಟೀ ಕೊಟ್ಟರು. ನನಗೂ ಕೊಟ್ಟರು, ಇಳಿಯಲಿಲ್ಲ.

ಗೇಟಿನ ಹೊರಗೆ ಭಾಯ್ ಸಾಮಾನನ್ನು ಸ್ಕೂಟರಿನ ಡಿಕ್ಕಿಗೆ ಜೋಡಿಸುತ್ತಿದ್ದರು. ಏನಾದರೂ ಹೇಳಲೇಬೇಕಿತ್ತು. "ಕ್ಷಮಿಸಿ ಭಾಯ್, ಆವತ್ತೇ ಹೇಳ್ಬೇಕಿತ್ತು," ಎಂದೆ.

ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡರು.

"ಹನ್ನೊಂದು ಸಲ ಓದ್ದೆ ಮೇಡಂ ನಿಮ್ ಬುಕ್ಕು. ತಪ್ಪು ಕಾಣ್ಲೇ ಇಲ್ಲ. ಕಣ್ಣೇ ಹೋಯ್ತು ಅಂತ ಡಾಕ್ಟ್ರ ಹತ್ರ ಹೋದೆ. ಕಣ್ಣು ಸರಿಯಾಗಿದೆ, ಹಳೇ ಕನ್ನಡಕಾನೇ ಸಾಕು ಅಂದ್ರು ಅವ್ರು. ನಾನೇ ಹಟ ಮಾಡಿ ಬೇರೆ ಕನ್ನಡಕ ಹಾಕಿಸ್ಕೊಂಡೆ."

ಕೋಪದ ದನಿಯಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದರು, ಸ್ಕೂಟರ್ ಒದ್ದು ಹೊರಟರು. ನಾನು ಆ ರಸ್ತೆಯಲ್ಲಿ ನಿಂತು ಅತ್ತೆ. ಯಾರೋ ಆಟೋದವನು ನಿಲ್ಲಿಸಿ ಎಲ್ಲಿಗೆ ಎಂದು ಕೇಳಿದಾಗ ತಕ್ಷಣ ವಿಳಾಸ ನೆನಪಾಗಲಿಲ್ಲ.

ಪುಸ್ತಕ ತಿದ್ದಿ ಮತ್ತೆ ಅಚ್ಚು ಹಾಕಿಸಿದೆ. ಭಾಯ್ ಇವತ್ತಿಗೂ ನಮ್ಮ ಸ್ವಿಚ್ಚು ಕೂರಿಸುತ್ತಾರೆ, ಇವತ್ತಿಗೂ ನಾನು ಬರೆದದ್ದನ್ನು ಪೂರ್ತಿ ಓದುವವರು ಅವರೊಬ್ಬರೇ. ಮೇಡಂ ಎಂದೇ ಕರೆಯುತ್ತಾರೆ, ಮರ್ಯಾದೆಗೆ ಏನೂ ಕಮ್ಮಿಯಿಲ್ಲ. ಆದರೆ ಹೊಸ ಮನೆಯ ಕೆಲಸ ಶುರುಮಾಡುವ ಮೊದಲು ಫೋನು ಬರುತ್ತದೆ. ಪುಟದ ಸಂಖ್ಯೆ ಹೇಳುತ್ತಾರೆ, ಸಾಲನ್ನು ನಿಧಾನವಾಗಿ ಓದಿ ಹೇಳುತ್ತಾರೆ, ಆಮೇಲೆ ಕೇಳುತ್ತಾರೆ:

"ಇದು ನೀವ್ ಮಾಡಿ ನೋಡಿದೀರಾ ಮೇಡಂ, ಇಲ್ಲಾ ಬರ್ದಿದೀರಾ ಅಷ್ಟೇನಾ?"

ಒಂದು ನಿಮಿಷ ಇರಿ ಭಾಯ್ ಎಂದು ಫೋನು ಕೆಳಗಿಟ್ಟು, ಕಪಾಟಿನಿಂದ ಸ್ವಿಚ್ಚು ತೆಗೆದುಕೊಂಡು ಮಾಡಿ ನೋಡಲು ಏಳುತ್ತೇನೆ.